ಕೂಡಿ ಹೇಳುವ ಪದ್ಯ, ಕೂಡಿ ಬಾಳುವ ಪಾಠ

ಹೊಳಲು ಹಾಗೂ ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಶಾಲೆಗಳಲ್ಲಿ ಕನ್ನಡ ಕಲಿಸುತ್ತಿರುವ ಶಿಕ್ಷಕ ಶಿಕ್ಷಕಿಯರಿಗೆ ಮತ್ತು ಆ ಶಾಲೆಗಳ ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರಿಗೆ ಬಹಿರಂಗ ಪತ್ರ



ಒಂದು ಪದ್ಯವನ್ನೋ ಗದ್ಯದ ತುಣುಕನ್ನೋ ಇಡೀ ತರಗತಿ ಒಂದೇ ಲಯ ಹಿಡಿದು, ಒಂದೇ ಕಡೆ ಉಸಿರು ತೆಗೆದುಕೊಂಡು, ಗಟ್ಟಿಯಾಗಿ ಹೇಳುವುದು ಸಾಮೂಹಿಕ ಪಠಣ. ಕನ್ನಡ ಶಾಲೆಗಳಲ್ಲಿ ಇದಕ್ಕೆ ಮೂರು ಹಳೆಯ ಜಾಗಗಳಿವೆ: ಬೆಳಗಿನ ಪ್ರಾರ್ಥನೆ, ಮಗ್ಗಿ ಮತ್ತು ಪದ್ಯಪಾಠ. ಮೊದಲೆರಡು ಇಂದಿಗೂ ತಪ್ಪದೆ ನಡೆಯುತ್ತವೆ. ಮೂರನೆಯದು ಮೇಲಿನ ತರಗತಿಗಳಿಗೆ ಹೋದಂತೆಲ್ಲ ಸೊರಗುತ್ತದೆ. ಎಸ್‌ಎಸ್‌ಎಲ್‌ಸಿ ಹೊತ್ತಿಗೆ ಪದ್ಯವೆಂದರೆ ಪ್ರಶ್ನೆಪತ್ರಿಕೆಯಲ್ಲಿ ಬಿಟ್ಟ ಸಾಲು ತುಂಬಿ ಗಳಿಸುವ ಅಂಕವಾಗಿ ಉಳಿದಿರುತ್ತದೆ. ಈ ಪತ್ರದ ವಿಷಯ ಆ ಮೂರನೆಯ ಜಾಗ. ಪದ್ಯವನ್ನು ಕೂಡಿ ಹೇಳುವ ಅಭ್ಯಾಸ ಮಕ್ಕಳ ನಡತೆಯನ್ನು ರೂಪಿಸಬಲ್ಲದು. ಆದರೆ ಆ ಕೆಲಸವನ್ನು ಮಾಡುವುದು ಪದ್ಯದೊಳಗಿನ ನೀತಿಗಿಂತ ಹೆಚ್ಚಾಗಿ ಕೂಡಿ ಹೇಳುವ ಕ್ರಿಯೆಯೇ. ಇದು ಗಮನಕ್ಕೆ ಬಾರದೆ ಹೋದರೆ ಪಠಣ ಬರಿಯ ಗದ್ದಲವಾಗುತ್ತದೆ, ಇಲ್ಲವೇ ಕವಾಯತಾಗುತ್ತದೆ.

ಸರ್ಕಾರಿ ಶಾಲೆಗಳು ಹಳ್ಳಿಗೆ ಬರುವ ಮೊದಲು ಮೈಸೂರು ಸೀಮೆಯ ಮಕ್ಕಳು ಕಲಿಯುತ್ತಿದ್ದುದು ಕೂಲಿಮಠಗಳಲ್ಲಿ. ಜಗುಲಿಯ ಮೇಲೆ ಮರಳು ಹರವಿ ಅಕ್ಷರ ತಿದ್ದಿಸುವುದು, ಮಗ್ಗಿಯನ್ನೂ ಅಮರಕೋಶವನ್ನೂ ಶತಕದ ಪದ್ಯಗಳನ್ನೂ ಒಟ್ಟಾಗಿ ಬಾಯಿಪಾಠ ಹೇಳಿಸುವುದು ಅಲ್ಲಿನ ಗುರುಗಳಾದ ಐಗಳ ಕ್ರಮವಾಗಿತ್ತು. ಮಹಾನವಮಿ ಬಂದರೆ ಮಕ್ಕಳು ಐಗಳ ಜೊತೆ ಮನೆಮನೆಗೆ ಹೋಗಿ ಚೌಪದ ಹೇಳುತ್ತಿದ್ದರು. ಆ ಮನೆಗಳವರು ಕೊಟ್ಟದ್ದು ಐಗಳ ಸಂಭಾವನೆಗೆ ಸೇರುತ್ತಿತ್ತು. ಕಲಿತದ್ದನ್ನು ಊರೆದುರು ಕೂಡಿ ಹೇಳುವುದರಿಂದ ಮಕ್ಕಳಿಗೆ ಎದೆಗಾರಿಕೆ ಬರುತ್ತಿತ್ತು ಎನ್ನುವುದರಲ್ಲಿ ಸಂದೇಹವಿಲ್ಲ. ಆದರೆ ಆ ಜಗುಲಿಯಲ್ಲಿ ದಲಿತರ ಮಕ್ಕಳಿಗೆ ಜಾಗವಿರಲಿಲ್ಲ, ಹೆಣ್ಣುಮಕ್ಕಳು ಬಹುಮಟ್ಟಿಗೆ ಹೊರಗೇ ಉಳಿದಿದ್ದರು. ಸದ್ಗುಣದ ಪದ್ಯಗಳನ್ನು ತಲೆಮಾರುಗಟ್ಟಲೆ ಒಕ್ಕೊರಲಿನಿಂದ ಹೇಳಿದ ಜಗುಲಿ ಪಕ್ಕದ ಕೇರಿಯ ಮಗುವನ್ನು ಒಳಗೆ ಕರೆಯಲಿಲ್ಲ. ಪದ್ಯದ ಅರ್ಥ ತಾನಾಗಿ ನಡತೆಗೆ ಇಳಿಯುವುದಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಕಿಲ್ಲ.

ಮಂಡ್ಯ ಸೀಮೆಗೆ ಕೂಡಿ ಹೇಳುವ ಇನ್ನೊಂದು ಪರಂಪರೆಯೂ ಇದೆ, ಅದು ಶಾಲೆಯ ಹೊರಗೆ ಬೆಳೆದದ್ದು. ಮದುವೆಮನೆಯ ಸೋಬಾನೆಯಲ್ಲಿ ಒಬ್ಬಾಕೆ ಸೊಲ್ಲೆತ್ತುತ್ತಾಳೆ, ಉಳಿದವರು ಅದನ್ನು ಎತ್ತಿಕೊಳ್ಳುತ್ತಾರೆ. ಬತ್ತದ ನಾಟಿಗೆ ಇಳಿದ ಹೆಂಗಸರ ಸಾಲಿನಲ್ಲಿ ಪದದ ಲಯವೇ ಕೈಯ ಲಯವಾಗುತ್ತದೆ. ಇಂಥ ಪದಗಳನ್ನು ಹುಡುಕಿ ಬರೆಸಿಕೊಂಡು ಉಳಿಸಿದವರಲ್ಲಿ ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯ ಎಚ್.ಎಲ್. ನಾಗೇಗೌಡರು ಮೊದಲ ಸಾಲಿನವರು. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿ ಮಂಟೇಸ್ವಾಮಿ ಮಠವಿದೆ. ಆ ಪರಂಪರೆಯ ನೀಲಗಾರರು ಮಂಟೇಸ್ವಾಮಿ, ಸಿದ್ದಪ್ಪಾಜಿಯರ ಕಥೆಯನ್ನು ರಾತ್ರಿಯಿಡೀ ಹಾಡುತ್ತಾರೆ. ಮುಂದಾಳು ತಂಬೂರಿ ಹಿಡಿದು ಕಥೆ ನಡೆಸುತ್ತಾನೆ, ಹಿಮ್ಮೇಳದವರು ದನಿಗೂಡಿಸುತ್ತಾರೆ. ಮಳವಳ್ಳಿ ಮಹದೇವಸ್ವಾಮಿಯವರ ದನಿಯಲ್ಲಿ ಈ ಹಾಡುಗಾರಿಕೆಯನ್ನು ಕೇಳದ ಮನೆ ಈ ಕಡೆ ಅಪರೂಪ. ನೀಲಗಾರರಲ್ಲಿ ದಲಿತರೂ ಸೇರಿದಂತೆ ಹಲವು ಸಮುದಾಯದವರು ಇದ್ದಾರೆ. ಹಿಮ್ಮೇಳ ಎಂದರೆ ಮುಂದಾಳಿನ ಮಾತನ್ನು ಹಿಂದಿನಿಂದ ಹಾಗೆಯೇ ಒದರುವುದಲ್ಲ. ಮುಂದಾಳಿಗೆ ಉಸಿರು ಸಾಲದಾದಾಗ ಎತ್ತಿಕೊಳ್ಳುವುದು, ಆತ ಮತ್ತೆ ಶುರುಮಾಡುವಾಗ ದನಿ ತಗ್ಗಿಸಿ ದಾರಿ ಬಿಡುವುದು, ಕಥೆ ದುಃಖಕ್ಕೆ ತಿರುಗಿದಾಗ ತಾವೂ ತಿರುಗುವುದು, ಇವೆಲ್ಲ ಹಿಮ್ಮೇಳದವರ ಕೆಲಸ. ತರಗತಿಯ ಪಠಣಕ್ಕೆ ಮಾದರಿ ಬೇಕಿದ್ದರೆ ಅದು ಕೂಲಿಮಠದ ಜಗುಲಿಗಿಂತ ಹೆಚ್ಚಾಗಿ ಇಲ್ಲಿ ಸಿಗುತ್ತದೆ.

ಕೂಡಿ ಹೇಳುವಾಗ ಮಗು ಎರಡು ಕೆಲಸಗಳನ್ನು ಒಟ್ಟಿಗೆ ಮಾಡುತ್ತಿರುತ್ತದೆ: ತಾನು ನುಡಿಯುತ್ತಿರುತ್ತದೆ, ಪಕ್ಕದವರ ನುಡಿಯನ್ನು ಕೇಳುತ್ತಲೂ ಇರುತ್ತದೆ. ದಿನದ ಬೇರೆ ಯಾವ ಪಾಠದಲ್ಲೂ ಇವೆರಡು ಹೀಗೆ ಒಂದೇ ಗಳಿಗೆಯಲ್ಲಿ ಸೇರುವುದಿಲ್ಲ. ಡಬ್ಲಿನ್‌ನ ವಿಶ್ವವಿದ್ಯಾಲಯವೊಂದರ ಫ್ರೆಡ್ ಕಮಿನ್ಸ್ ಈ ಬಗೆಯ ಜೊತೆನುಡಿಯನ್ನು ಬಹಳ ವರ್ಷಗಳಿಂದ ಅಧ್ಯಯನ ಮಾಡಿದವರು. ಇಬ್ಬರು ಒಂದೇ ಪಠ್ಯವನ್ನು ಒಟ್ಟಿಗೆ ಓದತೊಡಗಿದರೆ ಹೆಚ್ಚಿನ ಅಭ್ಯಾಸವಿಲ್ಲದೆಯೇ ಇಬ್ಬರ ದನಿಗಳ ನಡುವಿನ ಅಂತರ ಸೆಕೆಂಡಿನ ಕೆಲವೇ ನೂರನೆಯ ಭಾಗಗಳಿಗೆ ಇಳಿಯುತ್ತದೆ. ಒಬ್ಬ ಮುಂದೆ, ಇನ್ನೊಬ್ಬ ಹಿಂದೆ ಎಂಬುದು ಅಲ್ಲಿ ಉಳಿಯುವುದಿಲ್ಲ; ಇಬ್ಬರೂ ಕ್ಷಣಕ್ಷಣಕ್ಕೆ ಒಬ್ಬರಿಗೊಬ್ಬರು ಹೊಂದಿಕೊಳ್ಳುತ್ತಿರುತ್ತಾರೆ. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಸ್ಕಾಟ್ ವಿಲ್ಟರ್ಮತ್ ಮತ್ತು ಚಿಪ್ ಹೀತ್ ನಡೆಸಿ 2009ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಹೆಜ್ಜೆ ಹೊಂದಿಸಿ ನಡೆದ, ದನಿ ಹೊಂದಿಸಿ ಹಾಡಿದ ಗುಂಪುಗಳವರು ಆಮೇಲಿನ ಆಟಗಳಲ್ಲಿ ಪರಸ್ಪರ ಹೆಚ್ಚು ಸಹಕರಿಸಿದರು. ನೆನಪಿನ ಲಾಭ ಬೇರೆ. ಮನಸ್ಸಿನಲ್ಲೇ ಓದಿದ ಪದಗಳಿಗಿಂತ ಬಾಯಿಬಿಟ್ಟು ಹೇಳಿದ ಪದಗಳು ಹೆಚ್ಚು ನೆನಪಿರುತ್ತವೆ ಎಂಬುದನ್ನು ಮನೋವಿಜ್ಞಾನಿಗಳು ಮತ್ತೆ ಮತ್ತೆ ಕಂಡಿದ್ದಾರೆ.

ನೀತಿಬೋಧೆಯ ಬಲ ಎಷ್ಟೆಂಬುದನ್ನೂ ಅಳೆದು ನೋಡಿದವರಿದ್ದಾರೆ. 1920ರ ದಶಕದಲ್ಲಿ ಹಾರ್ಟ್ಸ್‌ಹಾರ್ನ್ ಮತ್ತು ಮೇ ಎಂಬ ಇಬ್ಬರು ಅಮೆರಿಕದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಶಾಲಾ ಮಕ್ಕಳನ್ನು ಪರೀಕ್ಷಿಸಿದರು. ಮೋಸ ಮಾಡಲು ಅವಕಾಶವಿರುವ ಸನ್ನಿವೇಶಗಳನ್ನು ಒಡ್ಡಿ ಮಕ್ಕಳು ಏನು ಮಾಡುತ್ತಾರೆಂದು ನೋಡಿದರು. ಮೋಸ ತಪ್ಪು ಎಂದು ಸರಿಯಾಗಿ ಉತ್ತರ ಹೇಳಬಲ್ಲ ಮಗು ಮೋಸ ಮಾಡುವುದಿಲ್ಲ ಎಂಬ ಭರವಸೆ ಆ ಅಧ್ಯಯನದಿಂದ ಸಿಗಲಿಲ್ಲ. ಒಂದು ಕಡೆ ಪ್ರಾಮಾಣಿಕವಾಗಿದ್ದ ಮಗುವೇ ಇನ್ನೊಂದು ಕಡೆ ಹಾಗಿರಲಿಲ್ಲ. ಒಳ್ಳೆಯ ಮಾತನ್ನು ನೂರು ಸಲ ಹೇಳಿಸಿದರೆ ಒಳ್ಳೆಯತನ ಬರುತ್ತದೆಂಬ ನಂಬಿಕೆ ಶಾಲೆಗಳಲ್ಲಿ ಬಹಳ ಗಟ್ಟಿ. ಅದನ್ನು ಬಿಡುವುದು ಕಷ್ಟವಾದರೂ ಬಿಡಲೇಬೇಕು. ಮಕ್ಕಳಿಗೆ ಬೇಕಾದದ್ದು ತಾಳ್ಮೆಯ ಮೇಲಿನ ಪದ್ಯಕ್ಕಿಂತ ತಾಳ್ಮೆಯನ್ನು ಬಳಸಲೇಬೇಕಾದ ಸಂದರ್ಭ. ಸರಿಯಾಗಿ ನಡೆದ ಪಠಣ ಅಂಥ ಸಂದರ್ಭವನ್ನು ದಿನವೂ ಒದಗಿಸುತ್ತದೆ.

ಇದರ ಮೊದಲ ಫಲ ಕಾಣುವುದು ಹಿಂದಿನ ಬೆಂಚಿನಲ್ಲಿ. ಈ ಸೀಮೆಯ ಮಕ್ಕಳ ಮನೆಮಾತಿನಲ್ಲಿ ಹಕಾರ ನಿಲ್ಲುವುದಿಲ್ಲ. ಹಾಲು ಆಲಾಗುತ್ತದೆ, ಹಸು ಅಸುವಾಗುತ್ತದೆ, ಮಹಾಪ್ರಾಣಗಳು ಮೆತ್ತಗಾಗುತ್ತವೆ. ಇದು ತಪ್ಪಲ್ಲ, ಒಂದು ಪ್ರದೇಶದ ಜೀವಂತ ನುಡಿ. ಆದರೆ ಗ್ರಂಥಭಾಷೆಯ ಉಚ್ಚಾರವನ್ನೂ ಮಗು ಕಲಿಯಬೇಕು. ಒಬ್ಬೊಬ್ಬರನ್ನೇ ಎಬ್ಬಿಸಿ ಓದಿಸಿದಾಗ ಒಂದು ಹಕಾರ ಜಾರಿದರೆ ತರಗತಿ ನಗುತ್ತದೆ, ಮಗು ಮತ್ತೆ ಕೈ ಎತ್ತುವುದಿಲ್ಲ. ಗುಂಪಿನೊಳಗೆ ಅದೇ ಮಗು ಯಾರ ನಗೆಗೂ ಸಿಗದೆ ತನ್ನ ದನಿಯನ್ನು ತಾನೇ ತಿದ್ದಿಕೊಳ್ಳುತ್ತದೆ. ಉಗ್ಗುವ ಮಕ್ಕಳ ವಿಷಯದಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ. ಇತರರೊಂದಿಗೆ ಕೂಡಿ ನುಡಿಯುವಾಗ ಉಗ್ಗು ಬಹುತೇಕ ನಿಂತುಹೋಗುತ್ತದೆ ಎಂಬುದು ವಾಕ್‌ಚಿಕಿತ್ಸೆಯವರಿಗೆ ಚೆನ್ನಾಗಿ ಗೊತ್ತಿರುವ ಸಂಗತಿ. ಅದು ರೋಗ ವಾಸಿಯಾದಂತಲ್ಲ, ಒಂಟಿಯಾಗಿ ಮಾತಾಡುವಾಗ ಉಗ್ಗು ಮರಳುತ್ತದೆ. ಆದರೂ ಒಂದು ಇಡೀ ಪದ್ಯವನ್ನು ತಡೆಯಿಲ್ಲದೆ ಹೇಳಿದ ಅನುಭವ ಅಂಥ ಮಗುವಿಗೆ ಬೇರೆಲ್ಲಿ ಸಿಗಬೇಕು? ಉಳಿದ ಮಕ್ಕಳು ಇದರಿಂದ ಕಲಿಯುವುದು ಅದಕ್ಕಿಂತ ಕಡಿಮೆಯದಲ್ಲ. ನಿಧಾನಿಸುವವರಿಗಾಗಿ ನಿಧಾನಿಸುವುದು ಅವರಿಗೆ ರೂಢಿಯಾಗುತ್ತದೆ.

ಯಾವ ಪದ್ಯದಿಂದ ಶುರುಮಾಡಬೇಕೆಂಬ ಪ್ರಶ್ನೆಗೆ ಗೋವಿನ ಹಾಡಿನಷ್ಟು ಒಳ್ಳೆಯ ಉತ್ತರ ಇನ್ನೊಂದಿಲ್ಲ. ಬರೆದವರ ಹೆಸರು ತಿಳಿಯದ ಈ ಕಥನಗೀತೆ ಕನ್ನಡದ ಮಕ್ಕಳಿಗೆಲ್ಲ ಗೊತ್ತು. ಗೊತ್ತೆಂಬ ಕಾರಣಕ್ಕೇ ಅದನ್ನು ಯಾರೂ ಗಮನವಿಟ್ಟು ಹೇಳುವುದಿಲ್ಲ. ಅದರಲ್ಲಿ ಕಥೆ ಹೇಳುವ ದನಿಯಿದೆ, ಗೊಲ್ಲನ ಕರೆಯಿದೆ, ಹುಲಿಯ ಹಸಿವಿದೆ, ಪುಣ್ಯಕೋಟಿಯ ಬೇಡಿಕೆಯಿದೆ, ಕರುವಿನ ಅಳಲಿದೆ, ಕರುವನ್ನು ವಹಿಸಿಕೊಳ್ಳಬೇಕಾದ ದೊಡ್ಡಿಯ ಇತರ ಹಸುಗಳಿವೆ. ತರಗತಿಯನ್ನು ಇಷ್ಟೇ ಗುಂಪುಗಳಾಗಿ ಒಡೆದು ಒಂದೊಂದು ದನಿಯನ್ನು ಒಂದೊಂದು ಗುಂಪಿಗೆ ಕೊಟ್ಟರೆ ಮಕ್ಕಳಿಗೆ ಪಠ್ಯವೇ ಹೊಸದಾಗಿ ಕೇಳಿಸತೊಡಗುತ್ತದೆ. ಹುಲಿಯ ಗುಂಪಿಗೆ ಮೊದಲು ಅಬ್ಬರಿಸಲು ಖುಷಿ. ಆಮೇಲೆ ಅದೇ ಬಾಯಿ ಪಶ್ಚಾತ್ತಾಪದ ಮಾತನ್ನು ಆಡಬೇಕಾಗಿ ಬಂದಾಗ ಅಬ್ಬರದ ದನಿ ಅಲ್ಲಿ ನಡೆಯುವುದಿಲ್ಲ ಎಂದು ಅವರಿಗೇ ತಿಳಿಯುತ್ತದೆ. ಮಾರನೆಯ ದಿನ ಗುಂಪುಗಳು ಅದಲುಬದಲಾಗಬೇಕು. ನಿನ್ನೆ ಹುಲಿಯಾಗಿದ್ದವರು ಇಂದು ಕರು. ಗಂಡುಮಕ್ಕಳಿಗೆ ಹುಲಿ, ಹೆಣ್ಣುಮಕ್ಕಳಿಗೆ ಹಸು ಎಂದು ಹಂಚುವ ಸುಲಭದ ದಾರಿಯನ್ನು ಹಿಡಿಯಲೇಬಾರದು.

ಪಠಣ ಮುಗಿದ ಮೇಲೆ ಶಿಕ್ಷಕರು ಕಥೆಯ ನೀತಿಯನ್ನು ಹೇಳಿಬಿಟ್ಟರೆ ಅಷ್ಟೂ ಶ್ರಮ ಹಾಳು. ಹೇಳುವ ಬದಲು ಕೇಳಬೇಕು. ಹುಲಿ ಪ್ರಾಣ ಬಿಡಬೇಕಾಗಿತ್ತೇ, ಹಸುವನ್ನು ಕಳಿಸಿ ತಾನೂ ಬದುಕಬಹುದಿತ್ತಲ್ಲ? ಕೊಟ್ಟ ಮಾತು ದೊಡ್ಡದೋ, ಹಾಲು ಕುಡಿಯುವ ಕರು ದೊಡ್ಡದೋ? ಈ ಮಕ್ಕಳಲ್ಲಿ ಅನೇಕರು ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಶಾಲೆಗೆ ಬರುವವರು, ಕರುವನ್ನು ಕೆಚ್ಚಲಿನಿಂದ ಬಿಡಿಸಿ ಕಟ್ಟಿದವರು. ಅವರಲ್ಲಿ ಈ ಪ್ರಶ್ನೆಗಳಿಗೆ ತಮ್ಮದೇ ಉತ್ತರಗಳಿರುತ್ತವೆ, ಅವು ಒಂದಕ್ಕೊಂದು ಹೊಂದುವುದಿಲ್ಲ. ಹೊಂದದಿರುವುದು ಒಳ್ಳೆಯದು. ಒಟ್ಟಿಗೆ ಹೇಳಿದವರು ಆಮೇಲೆ ಬೇರೆ ಬೇರೆಯಾಗಿ ಯೋಚಿಸಬಲ್ಲರು ಎಂಬುದು ತರಗತಿಯಲ್ಲಿ ಎಲ್ಲರ ಕಣ್ಣೆದುರು ನಡೆಯಬೇಕು.

ಗೋವಿನ ಹಾಡಿನ ನಂತರ ಷಟ್ಪದಿಗೆ ಏರಬಹುದು. ಭಾಮಿನಿ ಷಟ್ಪದಿಯ ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಲ್ಲಿ 14 ಮಾತ್ರೆ, ಮೂರು ಮತ್ತು ಆರನೆಯ ಸಾಲುಗಳಲ್ಲಿ 23 ಮಾತ್ರೆ. ಮೂರು ನಾಲ್ಕರ ಈ ನಡಿಗೆಯನ್ನು ಕಪ್ಪುಹಲಗೆಯ ಮೇಲೆ ಗಣ ವಿಭಾಗ ಮಾಡಿ ಕಲಿಸುವುದಕ್ಕಿಂತ ಮೊದಲು ಕಿವಿಗೆ ಕಲಿಸಿದರೆ ವ್ಯಾಕರಣ ತಾನಾಗಿ ಹಗುರವಾಗುತ್ತದೆ. ಉದ್ದದ ಸಾಲಿಗೆ ಉಸಿರು ಉಳಿಸಿಕೊಳ್ಳುವುದು ಹೇಗೆಂದು ಇಡೀ ತರಗತಿ ಒಟ್ಟಿಗೆ ಲೆಕ್ಕ ಹಾಕಬೇಕಾಗುತ್ತದೆ. ಭಾಮಿನಿಯಲ್ಲೇ ಇರುವ ಕುಮಾರವ್ಯಾಸನ ಭಾರತ ಸಂಭಾಷಣೆಗಳಿಂದ ತುಂಬಿರುವುದರಿಂದ ಇಲ್ಲಿಯೂ ದನಿಗಳನ್ನು ಹಂಚಬಹುದು. ದುರ್ಯೋಧನನ ಮಾತನ್ನು ಅವನ ಕಡೆಯಿಂದಲೇ ಹೇಳಿ ನೋಡಿದ ಮಗು ಎದುರಾಳಿಯ ವಾದವನ್ನು ಕೇಳಿಸಿಕೊಳ್ಳುವುದನ್ನು ಅಷ್ಟರಮಟ್ಟಿಗೆ ಕಲಿತಿರುತ್ತದೆ. ಕಾವ್ಯವನ್ನು ರಾಗವಾಗಿ ವಾಚಿಸುವ ಗಮಕಿಗಳ ಓದನ್ನು ಮಕ್ಕಳಿಗೆ ಕೇಳಿಸುವುದು ಇಲ್ಲಿ ತುಂಬ ಸಹಾಯಕ. 2022ರಲ್ಲಿ ಪದ್ಮಶ್ರೀ ಪಡೆದ ಶಿವಮೊಗ್ಗ ಬಳಿಯ ಹೊಸಹಳ್ಳಿಯ ಎಚ್.ಆರ್. ಕೇಶವಮೂರ್ತಿಯವರಂಥವರ ವಾಚನದಲ್ಲಿ ರಾಗ ಎಂದೂ ಮಾತಿನ ಅರ್ಥವನ್ನು ಮುಚ್ಚುವುದಿಲ್ಲ. ವಚನಗಳಿಗೆ ಛಂದಸ್ಸಿನ ಕಟ್ಟಿಲ್ಲ. ಅವನ್ನು ಕೂಡಿ ಹೇಳುವುದು ಷಟ್ಪದಿಗಿಂತ ಕಷ್ಟ, ಏಕೆಂದರೆ ಎಲ್ಲಿ ನಿಲ್ಲಬೇಕೆಂಬುದನ್ನು ಅರ್ಥವೊಂದೇ ಹೇಳಬೇಕು. ಹೈಸ್ಕೂಲಿನ ಮಕ್ಕಳಿಗೆ ಆ ಕಷ್ಟ ತಕ್ಕದ್ದು. ಮೇಲುಕೋಟೆಯ ಪು.ತಿ.ನ., ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿ ಇದೇ ಜಿಲ್ಲೆಯವರು. ಅವರ ಕವಿತೆಗಳು ಪಠ್ಯದಲ್ಲಿಲ್ಲದ ವರ್ಷವೂ ತರಗತಿಯಲ್ಲಿ ಇರಬೇಕು.

ಕ್ರಮ ಹೀಗಿದ್ದರೆ ಸಾಕು. ಮೊದಲು ಶಿಕ್ಷಕರು ಪದ್ಯವನ್ನು ಪೂರ್ತಿಯಾಗಿ ಒಮ್ಮೆ ಓದಿ ಅರ್ಥ ಮಾತಾಡಬೇಕು. ಅರ್ಥ ತಿಳಿಯದ ಸಾಲನ್ನು ಕೂಡಿ ಹೇಳಿಸುವುದು ಮಕ್ಕಳಿಗೆ ಮಾಡುವ ಅನ್ಯಾಯ. ಆಮೇಲೆ ಉಸಿರಿನ ಜಾಗಗಳನ್ನು ಮಕ್ಕಳೇ ಗುರುತು ಹಾಕಲಿ. ಮೊದಲ ಸಲ ಅರ್ಧ ದನಿಯಲ್ಲಿ, ಪಕ್ಕದವರ ದನಿ ತನಗೆ ಕೇಳುವಷ್ಟು ಮೆಲ್ಲಗೆ. ಪಕ್ಕದ ದನಿ ಕೇಳದಿದ್ದರೆ ತನ್ನದು ಜೋರಾಯಿತೆಂದೇ ಅರ್ಥ. ಸೊಲ್ಲೆತ್ತುವ ಸರದಿ ದಿನಕ್ಕೊಬ್ಬರಂತೆ ಎಲ್ಲರಿಗೂ ಬರಬೇಕು, ಚೆನ್ನಾಗಿ ಹೇಳುವ ಇಬ್ಬರಿಗೇ ಅಂಟಿಕೊಳ್ಳಬಾರದು. ದಿನಕ್ಕೆ ಏಳೆಂಟು ನಿಮಿಷ ಸಾಕು, ಹದಿನೈದು ದಿನಕ್ಕೊಂದು ಪದ್ಯ. ಕೆಳಗಿನ ತರಗತಿಗಳಲ್ಲಿ ಇದಕ್ಕೆ ನೆಲ ಆಗಲೇ ಹದವಾಗಿದೆ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಆರಂಭವಾಗಿ ರಾಜ್ಯಕ್ಕೆಲ್ಲ ಹರಡಿದ ನಲಿಕಲಿ ಪದ್ಧತಿಯಲ್ಲಿ ಹಾಡು ಕಲಿಕೆಯ ಭಾಗವೇ ಆಗಿದೆ. ನಾಲ್ಕನೆಯ ತರಗತಿಗೆ ಬಂದ ಕೂಡಲೇ ಅದು ನಿಂತುಹೋಗಬೇಕಾದ ಕಾರಣವಿಲ್ಲ.

ಗದ್ಯದ ಪಠಣಕ್ಕೆ ಈಗ ಎಲ್ಲ ಶಾಲೆಗಳಲ್ಲೂ ಒಂದು ಪಠ್ಯ ಸಿದ್ಧವಾಗಿದೆ. 2023ರಲ್ಲಿ ರಾಜ್ಯ ಸರ್ಕಾರ ಶಾಲಾ ಕಾಲೇಜುಗಳಲ್ಲಿ ಸಂವಿಧಾನದ ಪೀಠಿಕೆ ಓದಿಸಲು ತೀರ್ಮಾನಿಸಿತು. ಅದೇ ವರ್ಷ ಸೆಪ್ಟೆಂಬರ್ 15ರ ಪ್ರಜಾಪ್ರಭುತ್ವ ದಿನದಂದು ರಾಜ್ಯದಾದ್ಯಂತ ಸಾಮೂಹಿಕ ಓದು ನಡೆಯಿತು, ವಿಧಾನಸೌಧದ ಎದುರಿನ ಓದನ್ನು ಮುಖ್ಯಮಂತ್ರಿ ಸಿದ್ದರಾಮಯ್ಯ ನಡೆಸಿಕೊಟ್ಟರು. ಅದಕ್ಕೂ ಹಳೆಯದು ಪಠ್ಯಪುಸ್ತಕಗಳಲ್ಲಿ ಅಚ್ಚಾಗುವ ರಾಷ್ಟ್ರೀಯ ಪ್ರತಿಜ್ಞೆ. 1962ರಲ್ಲಿ ಪೈಡಿಮರ್ರಿ ವೆಂಕಟ ಸುಬ್ಬರಾವ್ ಅದನ್ನು ತೆಲುಗಿನಲ್ಲಿ ಬರೆದರು, 1965ರ ಜನವರಿ 26ರಿಂದ ದೇಶದ ಶಾಲೆಗಳಲ್ಲಿ ಹೇಳಿಸಲಾಗುತ್ತಿದೆ. ಇವೆರಡನ್ನೂ ಪ್ರಾರ್ಥನೆಯ ಸಾಲಿನಲ್ಲಿ ಓಡಿಸಿ ಮುಗಿಸುವುದೇ ರೂಢಿ. ಕನ್ನಡದ ಅವಧಿಗೆ ತಂದರೆ ಇವು ಬೇರೆಯೇ ಆಗುತ್ತವೆ. ಪೀಠಿಕೆ ಉದ್ದವಾದ ಒಂದೇ ವಾಕ್ಯ, ಒಂದೇ ಉಸಿರಿಗೆ ಹೇಳಲು ಯಾರಿಂದಲೂ ಆಗದು. ಕರ್ತೃ ಎಲ್ಲಿದೆ, ಕ್ರಿಯಾಪದ ಎಷ್ಟು ದೂರದಲ್ಲಿದೆ, ನಡುವೆ ಎಲ್ಲಿ ನಿಂತರೆ ಅರ್ಥ ಕೆಡುವುದಿಲ್ಲ ಎಂದು ಎಂಟನೆಯ ತರಗತಿಯ ಮಕ್ಕಳು ಚರ್ಚಿಸಿ ತೀರ್ಮಾನಿಸಿದ ಮೇಲೆ ಹೇಳಿದರೆ ವ್ಯಾಕರಣವೂ ಪೌರತ್ವವೂ ಒಂದೇ ಪಾಠದಲ್ಲಿ ಬರುತ್ತವೆ. ಸಮಾನತೆ ಎಂಬ ಮಾತಿಗೆ ಬಂದಾಗ ಬಿಸಿಯೂಟದ ಸಾಲು ಹೇಗಿದೆ, ತರಗತಿಯಲ್ಲಿ ಯಾರ ಪಕ್ಕ ಯಾರು ಕೂರುತ್ತಾರೆ ಎಂಬ ಮಾತೂ ಏಳಬೇಕು. ಕೂಲಿಮಠದ ಜಗುಲಿಯಲ್ಲಿ ಏಳದೆ ಹೋದ ಪ್ರಶ್ನೆ ಅದೇ.

ಪಠಣದ ಅಪಾಯವನ್ನು ಮುಚ್ಚಿಡುವುದು ಸರಿಯಲ್ಲ. ಮೇಲೆ ಹೇಳಿದ ವಿಲ್ಟರ್ಮತ್ ಅವರೇ 2012ರಲ್ಲಿ ಪ್ರಕಟಿಸಿದ ಇನ್ನೊಂದು ಪ್ರಯೋಗದಲ್ಲಿ, ಪ್ರಯೋಗ ನಡೆಸುವವರ ಜೊತೆ ಹೆಜ್ಜೆ ಹೊಂದಿಸಿ ನಡೆದವರು ಅವರ ಮಾತಿನ ಮೇಲೆ ಹುಳುಗಳನ್ನು ಕೊಲ್ಲುವುದಕ್ಕೂ ಉಳಿದವರಿಗಿಂತ ಹೆಚ್ಚಾಗಿ ಒಪ್ಪಿದರು. ಒಕ್ಕೊರಲು ಸಹಕಾರವನ್ನು ಬೆಳೆಸುವಂತೆಯೇ ವಿಧೇಯತೆಯನ್ನೂ ಬೆಳೆಸುತ್ತದೆ. ಇಪ್ಪತ್ತನೆಯ ಶತಮಾನದ ಸರ್ವಾಧಿಕಾರಿಗಳು ಮಕ್ಕಳ ಘೋಷಣೆಗಳನ್ನು ಇಷ್ಟಪಟ್ಟದ್ದು ಸುಮ್ಮನೆ ಅಲ್ಲ. ಹೀಗಾಗಿ ಪ್ರತಿ ಸಾಮೂಹಿಕ ಪಠಣದ ಹಿಂದೆಯೇ ಒಂಟಿ ದನಿಗೆ ಜಾಗವಿರಬೇಕು: ಒಪ್ಪದ ಮಾತಿಗೆ, ಪ್ರಶ್ನೆಗೆ, ಒಬ್ಬರೇ ನಿಂತು ತಮಗೆ ತೋಚಿದ ಧಾಟಿಯಲ್ಲಿ ಹೇಳಿ ನೋಡುವುದಕ್ಕೆ. ಶಿಕ್ಷಕರು ಪ್ರತಿ ಸಲ ಮುಂದೆ ನಿಂತು ಕೈ ಬೀಸುವ ಪದ್ಧತಿಯಿಂದ ಮಕ್ಕಳು ಒಬ್ಬರನ್ನೊಬ್ಬರು ಕೇಳುವುದನ್ನು ಬಿಟ್ಟು ಕೈಯನ್ನೇ ನೋಡತೊಡಗುತ್ತಾರೆ.

ಒತ್ತಾಯದ ವಿಷಯದಲ್ಲಿ ಕಾನೂನು ಸ್ಪಷ್ಟವಾಗಿದೆ. ಪೂರ್ತಿಯಾಗಿ ಸರ್ಕಾರದ ಹಣದಿಂದ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಕೂಡದೆಂದು ಸಂವಿಧಾನದ 28ನೆಯ ವಿಧಿ ಹೇಳುತ್ತದೆ. ಕೇರಳದ ಮೂವರು ಮಕ್ಕಳು ತಮ್ಮ ಧರ್ಮಶ್ರದ್ಧೆಯ ಕಾರಣಕ್ಕೆ ರಾಷ್ಟ್ರಗೀತೆಯನ್ನು ಹಾಡದೆ, ಆದರೆ ಗೌರವದಿಂದ ಎದ್ದು ನಿಂತಿದ್ದಕ್ಕೆ ಶಾಲೆಯಿಂದ ಹೊರಗಾಗಿದ್ದಾಗ, ಸುಪ್ರೀಂ ಕೋರ್ಟು 1986ರ ಬಿಜೋ ಇಮ್ಯಾನ್ಯುಯೆಲ್ ಪ್ರಕರಣದಲ್ಲಿ ಅವರ ಪರವಾಗಿ ತೀರ್ಪು ಕೊಟ್ಟಿತು. ರಾಷ್ಟ್ರಗೀತೆಯ ವಿಷಯದಲ್ಲೇ ಹೀಗಿರುವಾಗ ಪದ್ಯಪಾಠದಲ್ಲಿ ಬಾಯಿ ತೆರೆಯದ ಮಗುವಿಗೆ ಶಿಕ್ಷೆ ಎಂಬ ಮಾತೇ ಏಳಬಾರದು. ಸುಮ್ಮನೆ ಕೇಳುತ್ತಾ ಕೂತ ಮಗುವೂ ಪಾಠದೊಳಗೇ ಇದೆ. ಪದ್ಯಗಳ ಆಯ್ಕೆ ಒಂದೇ ದೇವರ, ಒಂದೇ ಜಾತಿಯ, ಒಂದೇ ಪಂಥದ ಕಡೆಗೆ ವಾಲದಂತೆ ನೋಡಿಕೊಳ್ಳುವುದು ಕನ್ನಡದಲ್ಲಿ ಕಷ್ಟವಲ್ಲ. ಸರ್ವಜ್ಞ, ಅಕ್ಕಮಹಾದೇವಿ, ಶಿಶುನಾಳ ಷರೀಫ, ಕುವೆಂಪು, ಸಿದ್ಧಲಿಂಗಯ್ಯ, ನಿಸಾರ್ ಅಹಮದ್ ಎಲ್ಲರೂ ಇದೇ ನುಡಿಯವರು.

ಶಾಲಾ ಮಕ್ಕಳ ಸ್ಪರ್ಧೆಗಳ ಕಾರ್ಯಕ್ರಮವಾದ ಪ್ರತಿಭಾ ಕಾರಂಜಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಅದರ ಕಂಠಪಾಠ ಸ್ಪರ್ಧೆ ಹಳ್ಳಿಯ ಎಷ್ಟೋ ಮಕ್ಕಳಿಗೆ ಮೊದಲ ವೇದಿಕೆಯಾಗಿದೆ, ಅದು ನಡೆಯಲಿ. ಆದರೆ ಸ್ಪರ್ಧೆಯ ತಯಾರಿ ಎಂದರೆ ಶಾಲೆಗೊಬ್ಬ ಹುಡುಗಿಯನ್ನೋ ಹುಡುಗನನ್ನೋ ಆರಿಸಿ ತಿಂಗಳುಗಟ್ಟಲೆ ತಿದ್ದುವುದು, ಉಳಿದವರು ಚಪ್ಪಾಳೆ ತಟ್ಟುವುದು. ಈ ಪತ್ರದಲ್ಲಿ ಹೇಳಿದ ಪಠಣಕ್ಕೆ ಬಹುಮಾನವಿಟ್ಟರೆ ಅದು ಆ ದಿನವೇ ಕೆಡುತ್ತದೆ. ಶ್ರುತಿ ತಪ್ಪುವ ಮಗುವನ್ನು ಗುಂಪಿನಿಂದ ಹೊರಗೆ ಕೂರಿಸುವ ಆಸೆ ಅಲ್ಲಿಂದಲೇ ಶುರು.

ಗುಣಕ್ಕೆ ಅಂಕ ಕೊಡಲಾಗದು, ಕೊಡುವುದೂ ಬೇಡ. ಆದರೆ ಗಮನಿಸಬೇಕಾದ ಗುರುತುಗಳಿವೆ, ಶಿಕ್ಷಕರ ಡೈರಿಯಲ್ಲಿ ಅವಕ್ಕೆ ತಿಂಗಳಿಗೆ ಒಂದೆರಡು ಸಾಲು ಸಾಕು. ಜೂನ್‌ನಲ್ಲಿ ತುಟಿ ಅಲುಗಿಸುತ್ತಿದ್ದ ಮಗುವಿನ ದನಿ ದಸರಾ ರಜೆಯ ಹೊತ್ತಿಗೆ ಕೇಳಿಸುತ್ತಿದೆಯೇ? ಜೋರು ದನಿಯವರು ತಗ್ಗುವುದನ್ನು ಕಲಿತರೇ? ಒಬ್ಬರು ಸಾಲು ಮರೆತಾಗ ತರಗತಿ ನಗುತ್ತದೆಯೋ, ಎತ್ತಿಕೊಳ್ಳುತ್ತದೆಯೋ? ಸೊಲ್ಲೆತ್ತುವ ಸರದಿಯಲ್ಲಿ ಇನ್ನೂ ಯಾರ ಹೆಸರು ಬಂದಿಲ್ಲ? ವರ್ಷದ ಎರಡನೆಯ ಅವಧಿಗೆ ಪದ್ಯವನ್ನು ಮಕ್ಕಳೇ ಆರಿಸಲಿ, ಮನೆಯಲ್ಲಿ ಅಜ್ಜಿ ಹೇಳುವ ಸೋಬಾನೆಯಾದರೂ ಸರಿ, ಶಿಕ್ಷಕರು ತರಗತಿಯ ಹಿಂದೆ ಹೋಗಿ ನಿಲ್ಲಲಿ. ಎಸ್‌ಡಿಎಂಸಿ ಸದಸ್ಯರು ವಾರ್ಷಿಕೋತ್ಸವದ ವೇದಿಕೆಗೆ ಇದನ್ನು ಕೇಳುವ ಬದಲು ಯಾವುದಾದರೊಂದು ಮಾಮೂಲಿ ದಿನ ಕನ್ನಡದ ಅವಧಿಯಲ್ಲಿ ಬಂದು ಹಿಂದಿನ ಬೆಂಚಿನಲ್ಲಿ ಕೂತು ಕೇಳಲಿ, ಸಾಧ್ಯವಾದರೆ ತಾವೂ ಮಕ್ಕಳ ಜೊತೆ ದನಿಗೂಡಿಸಲಿ.